ನಳ ನೋಡಿ ಕೊಟ್ಟ ಹೆಣ್ಣು

ಕಮಲಾಪುರದ ಸೂಗಮ್ಮನ ಎಡಗಾಲು ಮಡಚುತ್ತಿರಲಿಲ್ಲ. ಹುಡುಗಿಯಾಗಿದ್ದಾಗ ಊರ ಮೆಟ್ಟಿಲ ಬಾವಿಯ ನೀರು ಕುಡಿದು ನಾರುಹುಣ್ಣು ಎದ್ದಿತ್ತು. ಮೊಣಕಾಲ ಪಕ್ಕದಿಂದ ಬಿಳಿ ದಾರದಂಥ ಹುಳ ಇಣುಕಿದಾಗ ಅವಳಪ್ಪ ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯುತ್ತಿದ್ದ. ಒಂದು ದಿನ ಅದು ನಡುವೆಯೇ ಹರಿಯಿತು. ಒಳಗೆ ಉಳಿದ ತುಂಡು ಕೀವಾಗಿ, ಮೊಣಕಾಲು ಕಟ್ಟಿಗೆಯಂತೆ ಬಿಗಿದುಕೊಂಡಿತು. ಊರಲ್ಲಿ ಅಂಥ ಕಾಲಿನವರು ಬೇಕಾದಷ್ಟು ಜನ ಇದ್ದರು. ಅದು ಹಣೆಬರಹ ಎಂದುಕೊಂಡು ಕುಂಟುತ್ತಲೇ ಬಾವಿಗೆ ಇಳಿಯುತ್ತಿದ್ದರು. ಸೂಗಮ್ಮ ಮಾತ್ರ ಅದನ್ನು ಹಣೆಬರಹ ಎಂದು ಒಪ್ಪಲಿಲ್ಲ.

ಮಗಳು ಚಂದಮ್ಮ ಮದುವೆಯ ವಯಸ್ಸಿಗೆ ಬಂದಾಗ ಪಕ್ಕದ ಹಳ್ಳಿಯಿಂದ ಒಳ್ಳೆಯ ಸಂಬಂಧ ಬಂತು. ತೊಗರಿ ಬೆಳೆಯುವ ಕರಿಹೊಲ, ಎರಡು ಜೋಡಿ ಎತ್ತು. ಆದರೆ ಅಲ್ಲೂ ಮೆಟ್ಟಿಲ ಬಾವಿಯೇ. ಸೂಗಮ್ಮ ಬೇಡವೆಂದಳು. ಕಲಬುರಗಿಯಲ್ಲಿ ಅಡತಿ ಅಂಗಡಿಯೊಂದರಲ್ಲಿ ಕಾಳು ತೂಗುವ ಅಣವೀರಪ್ಪನೆಂಬ ಹುಡುಗನಿದ್ದ. ಸ್ವಂತ ಹೊಲವಿಲ್ಲ, ತಂದೆ ತಾಯಿ ಇಲ್ಲ. ಆದರೆ ಅವನ ಓಣಿಗೆ ನಿಜಾಮ ಸರಕಾರದ ನೀರಿನ ನಳ ಬಂದಿತ್ತು.

"ನಳ ನೋಡಿ ಹೆಣ್ಣು ಕೊಡ್ತೀ ಏನ?" ಎಂದು ಗಂಡ ಜಗದೇವಪ್ಪ ಗದರಿದ.

"ಹೌದ್ರಿ, ನಳಾ ನೋಡೇ ಕೊಡ್ತೀನಿ. ಹೊಲ ಇದ್ದೋರ ಕಾಲು ಹೆಂಗವ, ನೋಡೀರೇನು?"

ಮದುವೆಯಾಯಿತು. ಮೊದಲ ಸಲ ಮಗಳ ಮನೆಗೆ ಹೋದ ಸೂಗಮ್ಮ ಓಣಿಯ ತುದಿಯ ನಳದ ಮುಂದೆ ಬಹಳ ಹೊತ್ತು ನಿಂತಿದ್ದಳು. ಯಾರೂ ನೀರಿಗೆ ಕಾಲಿಡಬೇಕಿಲ್ಲ, ಪಾಚಿ ಸರಿಸಬೇಕಿಲ್ಲ. ಬಗ್ಗಿ ಕೊಡ ಇಟ್ಟರೆ ಸಾಕು. ಮುಂದೆ ಚಂದಮ್ಮ ಬಸುರಾದಾಗ ಎಲ್ಲರೂ ಚೊಚ್ಚಲ ಬಾಣಂತನಕ್ಕೆ ಮಗಳನ್ನು ಕರೆತರಲು ಹೇಳಿದರೆ, ಸೂಗಮ್ಮ ತಾನೇ ಬಂಡಿ ಹೂಡಿಸಿ ಕಲಬುರಗಿಗೆ ಹೊರಟಳು. "ಆ ಬಾವಿ ನೀರು ಆಕಿ ಬಾಯಿಗೆ ಬೀಳಬಾರದು" ಎಂಬುದೊಂದೇ ಅವಳ ಹಟ. ತವರಿಲ್ಲದವಳ ಹಾಗೆ ಹೆರಿಗೆ ಮಾಡಿಸುತ್ತಾಳೆಂದು ಬಂಧುಗಳು ಆಡಿಕೊಂಡರು.

ಶ್ರಾವಣದ ಮಳೆ ಹಿಡಿಯಿತು. ಮೋರಿ ತುಂಬಿ ಓಣಿಯ ಮೇಲೆಲ್ಲ ಹರಿಯಿತು. ನಳದ ನೀರಿನ ಬಣ್ಣ ತುಸು ತಿರುಗಿತು, ವಾಸನೆಯೂ ಬಂತು. ಎದುರು ಮನೆಯ ಮಸ್ತಾನಬಿಯ ಅಂಗಳದಲ್ಲಿ ಕಲ್ಲು ಕಟ್ಟಿದ ಸೇದುವ ಬಾವಿ ಇತ್ತು. ಆಕೆ ಬಾಗಿಲಿಗೆ ಬಂದು ಹೇಳಿದಳು.

"ಅಕ್ಕಾ, ಪೈಪು ಮೋರಿಯೊಳಗ ಹಾಯ್ದು ಬರ್ತದ. ಎಲ್ಲೋ ಒಡದಂಗ ಅದ. ಹುಡುಗಿ ದಿನ ತುಂಬಿದಾಕಿ. ನಿಮ್ಮ ಕೊಡ, ನಿಮ್ಮ ಹಗ್ಗಾ ತಂದು ನಮ್ಮ ಬಾವಿ ನೀರು ಒಯ್ರಿ."

ಸೂಗಮ್ಮ ಸೀರೆ ಸರಿಸಿ ಕಾಲು ತೋರಿಸಿದಳು. "ಬಾವಿ ನೀರಿನ ಹಂತೇಕ ನನ್ನ ಮಗಳನ್ನ ಬಿಡಂಗಿಲ್ಲ, ತಾಯಿ. ಇದ ನೋಡು."

"ನಮ್ಮದು ಇಳಿಯೋ ಬಾವಿ ಅಲ್ಲಕ್ಕಾ. ಬ್ಯಾಡಾದ್ರ ನಳದ ನೀರರ ಕಾಸಿ ಕೊಡ್ರಿ."

ಸೂಗಮ್ಮ ಕಾಸಲಿಲ್ಲ. ಹಳೆಯ ಧೋತರವನ್ನು ನಾಲ್ಕು ಪದರ ಮಡಚಿ ಸೋಸಿದಳು. ನೀರು ತಿಳಿಯಾಗಿ ಇಳಿಯಿತು. ಬೆಳಕಿಗೆ ಹಿಡಿದು ನೋಡಿದಳು, ಹುಳ ಹುಪ್ಪಡಿ ಏನೂ ಕಾಣಲಿಲ್ಲ. ಅವಳು ಹೆದರುತ್ತಿದ್ದುದೆಲ್ಲ ಕಣ್ಣಿಗೆ ಕಾಣುವಂಥದ್ದು.

ಒಂದು ಬೆಳಿಗ್ಗೆ ಚಂದಮ್ಮನಿಗೆ ವಾಂತಿಭೇದಿ ಶುರುವಾಯಿತು. ಮಧ್ಯಾಹ್ನಕ್ಕೆ ಕಣ್ಣು ಗುಳಿಬಿದ್ದು, ಬೆರಳು ಸುಕ್ಕಾದವು. ಅಣವೀರಪ್ಪ ಓಡಿಹೋಗಿ ಹಕೀಮರನ್ನು ಕರೆತಂದ. ಬಾಯಿ ಆರಗೊಡಬೇಡಿ ಎಂದು ಹೇಳಿ ಅವರು ಔಷಧ ಕೊಟ್ಟು ಹೋದರು.

"ಯವ್ವಾ, ನೀರು" ಎಂದು ಚಂದಮ್ಮ ಕೇಳುತ್ತಲೇ ಇದ್ದಳು. ಕೇಳಿದಾಗೆಲ್ಲ ಸೂಗಮ್ಮ ಅದೇ ಕೊಡದಿಂದ ತಂಬಿಗೆ ತುಂಬಿ ತುಟಿಗೆ ಹಿಡಿದಳು. ಹೊತ್ತು ಮುಳುಗುವ ಮುಂಚೆ ಹೊಟ್ಟೆಯೊಳಗಿನ ಕೂಸು ಮಿಸುಕುವುದು ನಿಂತಿತು. ಆಮೇಲೆ ಚಂದಮ್ಮನೂ ಹೋದಳು.

ಅದೇ ವಾರ ಓಣಿಯಲ್ಲಿ ಇನ್ನೂ ಹೆಣಗಳು ಬಿದ್ದವು. ಆಗ ಸರಕಾರದ ಮಂದಿ ಬಂದರು. ಬೇನೆ ಬಾವಿಗಳಿಂದಲೇ ಹಬ್ಬುತ್ತದೆಂದು ಹೇಳಿ ಮಸ್ತಾನಬಿಯ ಬಾವಿಗೆ ಕೆಂಪು ಔಷಧ ಸುರಿದರು. ಮೇಲೆ ಚಪ್ಪಡಿ ಎಳೆದು ಗಾರೆ ಹಾಕಿದರು.

ಸೂಗಮ್ಮ ಅಳಿಯನನ್ನು ಕರೆದುಕೊಂಡು ಕುಂಟುತ್ತ ಸರಕಾರಿ ಕಚೇರಿಗೆ ಹೋದಳು. ಒಳಗಿದ್ದ ಸಾಹೇಬರಿಗೆ ಕನ್ನಡ ಬಾರದು. ಬಾಗಿಲಲ್ಲಿದ್ದ ಜವಾನ ಎರಡೂ ಕಡೆಯ ಮಾತನ್ನು ದಾಟಿಸಿದ.

"ನನ್ನ ಮಗಳು ಬಾವಿ ನೀರು ಒಂದು ಹನಿ ಕುಡದಿಲ್ರಿ. ಬರೇ ನಳದ ನೀರು. ನಾನೇ ಕುಡಿಸೀನಿ."

ಜವಾನ ಒಳಗೆ ಹೋಗಿ ಬಂದ. "ನಳದ ನೀರು ಸಾಫ್ ಅದ ಅಂತಾರ. ನೀ ಕಮಲಾಪುರದಿಂದ ಬಂದಾಕಿ ಅಲ್ಲಾ? ಬೇನಿ ನೀನೇ ತಂದಿರಬೇಕು ಅಂತಾರ."

ಅಣವೀರಪ್ಪ ಏನೋ ಹೇಳಹೊರಟ. ಸೂಗಮ್ಮ ಅವನ ತೋಳು ಹಿಡಿದು ಹೊರಗೆ ಕರೆತಂದಳು.

ಮರುವರ್ಷ ಮಗಳ ವರ್ಷದ ಕಾರ್ಯಕ್ಕೆ ಅವಳು ಮತ್ತೆ ಬಂದಳು. ಮತ್ತೆ ಅಂಥದೇ ಮಳೆ, ಮೋರಿ ಹಾಗೆಯೇ ತುಂಬಿತ್ತು. ನಳದ ಮುಂದೆ ಕೊಡಗಳು ಸಾಲಾಗಿ ನಿಂತಿದ್ದವು. ಸಾಲಿನಲ್ಲಿ ಮಸ್ತಾನಬಿಯೂ ಇದ್ದಳು.

"ಕಾಸಿ ಕುಡೀತೀಯಲ್ಲಾ?" ಸೂಗಮ್ಮ ಕೇಳಿದಳು.

"ಕಟ್ಟಿಗಿ ಒಣಗಿದ್ದ ದಿನ ಕಾಸ್ತೀನಕ್ಕಾ. ಈ ಮಳ್ಯಾಗ ರೊಟ್ಟಿ ಬೇಯಿಸಾಕೇ ಕಟ್ಟಿಗಿ ಹತ್ತವಲ್ಲವು." ಮಸ್ತಾನಬಿ ತನ್ನ ಅಂಗಳದ ಕಡೆ ನೋಡಲಿಲ್ಲ.

ಸೂಗಮ್ಮ ಸಾಲಿನ ಹೆಂಗಸರಿಗೆಲ್ಲ ಹೇಳಿದಳು: ಈ ನೀರು ಬೇಡ, ನನ್ನ ಮಗಳು ಇದರಿಂದಲೇ ಸತ್ತಳು. ಅವರು ಕೇಳಿಸಿಕೊಂಡು, ಅಯ್ಯೋ ಎಂದರು. ಒಬ್ಬಳು ಕೇಳಿದಳು, "ಹಂಗಾರ ಯಾವ ನೀರು ಕುಡೀಬೇಕ್ರಿ, ಯವ್ವಾ?"

ಓಣಿಯಲ್ಲಿ ಬೇರೆ ನೀರು ಉಳಿದಿರಲಿಲ್ಲ. ಬಂಡಿಯಲ್ಲಿ ಬಂದು ಸೂಗಮ್ಮನ ಗಂಟಲೂ ಒಣಗಿತ್ತು. ಹೆಂಗಸರು ದಾರಿ ಬಿಟ್ಟರು. ಅವಳು ಮಡಚದ ಕಾಲು ಚಾಚಿ ಬಗ್ಗಿ, ಬೊಗಸೆ ಒಡ್ಡಿ ಕುಡಿದಳು.

ಅವಳಿಗೆ ಏನೂ ಆಗಲಿಲ್ಲ. ಇನ್ನೂ ಬಹಳ ವರ್ಷ ಬದುಕಿದಳು.