ಹುಣಸೆಹುಳಿಯಲ್ಲಿ ನೆನೆದ ತೋಟಾಗಳು

ತೊಂಬತ್ತರ ದಶಕದ ಕೊನೆಯಲ್ಲಿ, ಕೆಲಸಕ್ಕೆಂದು ಯುಟ್ರೆಕ್ಟ್‌ಗೆ ಬಂದವನು ಅಲ್ಲಿನ ರೈಫಲ್ ಕ್ಲಬ್ಬಿಗೆ ಸೇರಿದೆ. ಕ್ಲಬ್ಬಿನ ಹಿರಿಯರೊಬ್ಬರ ಬಳಿ ಹಳೆಯ ಡಚ್ ಸೈನ್ಯದ ರೈಫಲ್ ಇತ್ತು. ಅದರ ತೋಟಾ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಬೇರೆ ರೈಫಲ್ಲಿನ ಖಾಲಿ ಹಿತ್ತಾಳೆ ತೋಟಾಗಳನ್ನು ಅಚ್ಚಿನಲ್ಲಿ ಒತ್ತಿ, ಕತ್ತು ಕಿರಿದು ಮಾಡಿ, ಮತ್ತೆ ಮದ್ದು ತುಂಬಬೇಕಿತ್ತು. ನಿನ್ನ ತೋಟಾ ನೀನೇ ಮಾಡಿಕೊಂಡರೆ ಹಾರಿಸಲು ರೈಫಲ್ ಕೊಡುತ್ತೇನೆ ಎಂದರು.

ಎರಡು ಶನಿವಾರ ಕೂತು ಇಪ್ಪತ್ತು ಒತ್ತಿದೆ. ಮದ್ದು ತುಂಬುವ ಮುಂಚೆ, ಕಪ್ಪಾಗಿದ್ದ ಅವನ್ನು ಬೆಳಗಲು ಮನೆಗೆ ತಂದು ಹುಣಸೆಹುಳಿಯಲ್ಲಿ ನೆನೆಹಾಕಿದೆ. ಹಿತ್ತಾಳೆಯ ವಿಷಯದಲ್ಲಿ ಮೈಸೂರಿನವನಿಗೆ ಯಾರು ಪಾಠ ಹೇಳಬೇಕು ಎಂಬ ಜಂಬ ನನಗೆ.

"ರೀ, ದೇವರ ಪಾತ್ರೆನೂ ನಾವು ಇಷ್ಟೊತ್ತು ನೆನೆಸಲ್ಲ, ತೆಗೀರಿ," ಎಂದಳು ಹೆಂಡತಿ.

"ಸುಮ್ನಿರೇ, ಹೊಳೀಲಿ," ಎಂದು ಎರಡು ದಿನ ಬಿಟ್ಟೆ.

ತೆಗೆದಾಗ ತಾಮ್ರದಂತೆ ಕೆಂಪಗಿದ್ದವು. ನನಗೆ ಚೆಂದವಾಗಿಯೇ ಕಂಡವು. ಕ್ಲಬ್ಬಿಗೆ ಒಯ್ದಾಗ ಹಿರಿಯರು ಒಂದನ್ನು ಇಕ್ಕಳದಲ್ಲಿ ಹಿಡಿದು ಒತ್ತಿದರು; ಕತ್ತು ಸೀಳಿತು. ಹುಳಿ ಹಿತ್ತಾಳೆಯೊಳಗಿನ ಸತುವನ್ನೇ ತಿಂದಿತ್ತು. ಇಪ್ಪತ್ತನ್ನೂ ಗುಜರಿ ಡಬ್ಬಕ್ಕೆ ಸುರಿದು, ಅಂಗಡಿ ತೋಟಾ ಹಿಡಿಸುವ ಬೇರೆ ರೈಫಲ್ ಕೊಡಲೇ ಎಂದು ಕೇಳಿದರು. ಆ ಕನಿಕರಕ್ಕೆ ನನ್ನ ಮೈ ಉರಿಯಿತು. ಬೇಡ ಎಂದವನೇ ಮತ್ತೆ ಅಚ್ಚಿನ ಮುಂದೆ ಕೂತೆ.

ಚಳಿಗಾಲವೆಲ್ಲ ಅದೇ ಕೆಲಸವಾಯಿತು. ಮೊದಲ ಗುಂಡು ಹಾರಿಸಿದ ದಿನ ಹಿರಿಯರು ದುರ್ಬೀನಿನಲ್ಲಿ ನೋಡಿ, ಗುರಿ ತಪ್ಪಿತು ಎಂದರು. ನಾನು ಆ ಕಡೆ ನೋಡಿರಲೇ ಇಲ್ಲ. ನೆಲಕ್ಕೆ ಬಿದ್ದ ಬಿಸಿ ಖಾಲಿ ತೋಟಾವನ್ನು ಎತ್ತಿ, ಅದರ ಕತ್ತಿನ ಸುತ್ತ ಬೆರಳಾಡಿಸುತ್ತಿದ್ದೆ. ಎಲ್ಲೂ ಸೀಳಿರಲಿಲ್ಲ.