ಹಡಗಿನ ಹೊಟ್ಟೆಗೆ ತುಂಬಿದ ಕಲ್ಲು

ಮೊನ್ನೆ ರಾಯಚೂರಿನ ನಮ್ಮ ಓಣಿಯಲ್ಲಿ ಎದುರುಮನೆಯವರು ಗೇಟಿಗೆ ಬೂದು ಬಣ್ಣ ಹೊಡೆಸಿದರು. ಬಿಸಿಲಿಗೆ ಕಾದ ಆ ಘಾಟು ಮನೆಯೊಳಗೆಲ್ಲ ತುಂಬಿತು. ಕಿಟಕಿ ಮುಚ್ಚಲು ಎದ್ದವನು ಹಾಗೇ ನಿಂತೆ. ಐವತ್ತು ವರ್ಷದ ಹಿಂದೆ ದೇವದುರ್ಗದ ಹೈಸ್ಕೂಲಿನಲ್ಲಿದ್ದ ಡ್ರಿಲ್ ಮಾಸ್ತರು ನೆನಪಾದರು. ಹಿಂದೆ ಅವರು ದುಡಿದ ಹಡಗಿಗೆ ಇದೇ ಬಣ್ಣ ಬಳಿದಾಗ ವಾರಗಟ್ಟಲೆ ಅನ್ನಕ್ಕೂ ಅದರ ವಾಸನೆ ಹತ್ತಿತ್ತಂತೆ...

ಆ ಶಾಲೆಯಲ್ಲಿ ನಾನು ಇತಿಹಾಸದ ಮಾಸ್ತರು. ಎರಡನೇ ಮಹಾಯುದ್ಧದ ಕಾರಣ, ಪರಿಣಾಮಗಳನ್ನು ಬೋರ್ಡಿನ ತುಂಬ ಬರೆಯುತ್ತಿದ್ದೆ, ಮಕ್ಕಳು ಆಕಳಿಸುತ್ತಿದ್ದರು. ಹೊರಗೆ ಬೇವಿನ ಮರದಡಿ ಡ್ರಿಲ್ ಮಾಸ್ತರು ಕೋಲಿನಿಂದ ಮಣ್ಣಿನಲ್ಲಿ ಹಡಗು ಬರೆದು ಅದೇ ಯುದ್ಧದ ಕಥೆ ಹೇಳುತ್ತಿದ್ದರೆ, ನನ್ನ ಕ್ಲಾಸಿನವರೆಲ್ಲ ಕಿಟಕಿಯತ್ತ ಕತ್ತು ಚಾಚುತ್ತಿದ್ದರು. ಏಳನೇ ಕ್ಲಾಸು ದಾಟದ ಮನುಷ್ಯ! ನನಗೆ ಹೊಟ್ಟೆ ಉರಿಯುತ್ತಿತ್ತು.

ಡ್ರಿಲ್ ಮಾಸ್ತರು ಹರೆಯದಲ್ಲಿ ದುಡಿಯಲು ಮುಂಬಯಿಗೆ ಹೋದವರು, ಮಂಗಳೂರಿನಿಂದ ಹೆಂಚು, ಅಕ್ಕಿ ಹೊತ್ತು ದಂಡೆಗುಂಟ ಓಡಾಡುವ ಸ್ಟೀಮರಿನಲ್ಲಿ ಕಲ್ಲಿದ್ದಲು ಹಾಕುವ ಕೆಲಸ ಹಿಡಿದಿದ್ದರು. ಯುದ್ಧ ಬಂದಾಗ ನೌಕಾಪಡೆಯವರು ಆ ಸ್ಟೀಮರನ್ನೇ ತೆಗೆದುಕೊಂಡರು. ಮುಂದೊಂದು ತೋಪು ಕೂಡಿಸಿದರು, ಹಿಂದೆ ಉಕ್ಕಿನ ಹಗ್ಗ ಕಟ್ಟಿದರು. ಬಂದರಿನ ಬಾಯಲ್ಲಿ ವೈರಿಗಳು ನೀರೊಳಗೆ ಬಿಟ್ಟ ಬಾಂಬುಗಳನ್ನು ಆ ಹಗ್ಗದಿಂದ ಬಾಚಿ ತೆಗೆಯುವುದು ಅದರ ಹೊಸ ಕೆಲಸ. ಸಮುದ್ರವನ್ನೇ ನೋಡದ ನಮ್ಮ ಮಕ್ಕಳಿಗೆ ಇದೆಲ್ಲ ಬಾಯಿಪಾಠವಾಗಿತ್ತು.

ಒಂದು ದಿನ ನಾನು ವರಾಂಡದಲ್ಲಿ ನಿಂತಿದ್ದಾಗ ಅವರು, “ಹೆಂಚು ಇಳಿಸಿದ ಮ್ಯಾಲೆ ಹಡಗ ಹಗುರಾತು. ಅದಕ್ಕ ಅದರ ಹೊಟ್ಟಿಗಿ ಕಲ್ಲು ತುಂಬಿದ್ವಿ” ಅಂದರು. ಇಷ್ಟು ದಿನ ಕಾಯುತ್ತಿದ್ದದ್ದು ಕೈಗೆ ಸಿಕ್ಕಿತು.

“ಮಾಸ್ತರ, ಮುಳುಗಬಾರದ ಹಡಗಕ್ಕ ಯಾರರ ಕಲ್ಲು ತುಂಬತಾರೇನ್ರೀ? ನಮ್ಮ ಬಾವ್ಯಾಗ ಒಂದು ಕಲ್ಲು ಒಗದು ನೋಡ್ರಿ” ಎಂದೆ.

ಮಕ್ಕಳು ಗೊಳ್ಳೆಂದು ನಕ್ಕರು. “ಹಂಗಾರ ಹಡಗೂ ಸುಳ್ಳೇನ್ರೀ ಸರ?” ಎಂದು ಒಬ್ಬ ಅವರನ್ನೇ ಕೇಳಿದ. ಅವರು ಸೀಟಿ ಊದಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಅಂದು ನಿಂತ ಕಥೆ ಮುಂದೆ ಹೋಗಲೇ ಇಲ್ಲ. ನನಗೆ ಖುಷಿಯಾಗಿತ್ತು, ಮುಚ್ಚಿಡುವುದಿಲ್ಲ. ಮನೆಗೆ ಹೋಗುವಾಗ ಜಿಲೇಬಿ ಕಟ್ಟಿಸಿಕೊಂಡು ಹೋದೆ.

ಮುಂದೆ ಅವರು ನಿವೃತ್ತರಾಗಿ ಮಾನ್ವಿಗೆ, ಮಗಳ ಮನೆಗೆ ಹೋದರು. ಕೆಲವು ವರ್ಷಗಳ ಮೇಲೆ ಜನಗಣತಿ ಕೆಲಸಕ್ಕೆಂದು ನಾನು ಕೃಷ್ಣೆಯ ನಡುಗಡ್ಡೆಯೊಂದಕ್ಕೆ ಹೋಗಬೇಕಾಯಿತು. ಹರಿಗೋಲಿಗೆ ನಾನೊಬ್ಬನೇ. ಅಂಬಿಗ ಎರಡು ದೊಡ್ಡ ಕಲ್ಲು ಉರುಳಿಸಿ ತಂದು ಒಳಗಿಟ್ಟ. ನಾನು ಹರಿಗೋಲಿನ ಅಂಚು ಹಿಡಿದುಕೊಂಡೆ.

“ಮುಳುಗಂಗಿಲ್ಲೇನಪಾ?”

“ಖಾಲಿ ಇದ್ರ ಗಾಳಿಗಿ ಬುಗುರಿ ತಿರಗಿದಂಗ ತಿರಗತದ್ರೀ ಸರ. ತೂಕ ಇದ್ರನ ನೀರು ಹಿಡೀತದ.”

ದಡ ಮುಟ್ಟುವವರೆಗೆ ಆ ಕಲ್ಲುಗಳನ್ನೇ ನೋಡುತ್ತ ಕೂತೆ.

ಮುಂದಿನ ಭಾನುವಾರ ಮಾನ್ವಿಯ ಬಸ್ಸು ಹತ್ತಿದೆ. ಮಾಸ್ತರು ತೊಗರಿ ಹಸನು ಮಾಡುತ್ತ ಕೂತಿದ್ದರು. ಎಲ್ಲ ಹೇಳಿ, “ನಂದು ತಪ್ಪಾತ್ರೀ” ಎಂದೆ. “ಇರ್ಲಿ ಬಿಡ್ರಿ ಸರ, ಚಾ ಕುಡೀರಿ” ಅಂದರು. ಆಮೇಲೆ ಹಡಗು ಏನಾಯಿತೆಂದು ಕೇಳಿದೆ.

“ಈಗ್ಯಾಕ್ರೀ ಅದು? ಕೇಳೋ ಹುಡುಗ್ರು ದೊಡ್ಡವ್ರಾಗಿ ಹೋದ್ರು” ಎಂದು ಮತ್ತೆ ತೊಗರಿಗೆ ಕೈ ಹಾಕಿದರು. ಅಲ್ಲಿಯೂ ನನಗೆ ಸಿಟ್ಟೇ ಬಂತು. ನನಗೆ ಬೇಕಾದದ್ದು ಅವರಲ್ಲಿತ್ತು, ಅವರು ಕೊಡಲಿಲ್ಲ. ಮರುವರ್ಷ ತೀರಿಕೊಂಡರು. ಹಡಗಿನ ಹೆಸರು ಸಹ ಕೇಳಿರಲಿಲ್ಲ... ಎಷ್ಟೋ ಪುಸ್ತಕ ತಿರುವಿದರೂ ಅದು ಸಿಗಲಿಲ್ಲ.

ನಿನ್ನೆ ಮಾನ್ವಿಯಲ್ಲಿ ಒಂದು ಮದುವೆ. ಅಂದು ಬೇವಿನ ಮರದಡಿ ಕಥೆ ಕೇಳಿದ ಬ್ಯಾಚಿನ ಐದಾರು ಜನ, ಎಲ್ಲರ ತಲೆಯೂ ಬೆಳ್ಳಗಾಗಿದೆ, ಕುರ್ಚಿ ಎಳೆದುಕೊಂಡು ನನ್ನ ಸುತ್ತ ಕೂತರು. ಒಬ್ಬ ಕೇಳಿದ, “ಸರ, ನೀವು ಇತಿಹಾಸದವ್ರು. ನಮ್ಮ ಡ್ರಿಲ್ ಮಾಸ್ತರ ಹಡಗ ಕಡೀಗಿ ಏನಾತ್ರೀ?”

ನನ್ನ ಇಡೀ ಸರ್ವಿಸಿನಲ್ಲಿ ಯಾವ ಕ್ಲಾಸೂ ನನ್ನ ಮುಖವನ್ನು ಹಾಗೆ ನೋಡಿರಲಿಲ್ಲ.

“ಗೊತ್ತಿಲ್ಲಪಾ” ಎಂದೆ. “ಅವರು ಹೇಳಾಕತ್ತಿದ್ರು. ನಾನ ಬಾಯಿ ಮುಚ್ಚಿಸಿದೆ.”