ತಾರಸಿಯ ಮೇಲೆ ಬಂಗುಡೆಯ ಹೊಗೆ

ರಾಯಪುರಂನಲ್ಲಿ ನಮ್ಮ ಮೇಲಿನ ಮಹಡಿಯ ವಿನೋದಕ್ಕ ಗಂಗೊಳ್ಳಿಯ ಮೀನುಗಾರ ಮೊಗವೀರರ ಮಗಳು. ಆದರೆ ಚೆನ್ನೈಗೆ ಬಂದ ಮೇಲೆ ಅವಳು ಮೀನು ಬೇಯಿಸಿದ್ದೆಲ್ಲ ಕಿಟಕಿ ಮುಚ್ಚಿಕೊಂಡೇ. ಅವಳೂ ಗಂಡ ಚಂದುವೂ ದುಡಿಯುತ್ತಿದ್ದದ್ದು ತ್ರಿಪ್ಲಿಕೇನಿನ ಒಂದು ಸಸ್ಯಾಹಾರಿ ಮೆಸ್ಸಿನಲ್ಲಿ. ಅವಳು ಇಡ್ಲಿ ಬೇಯಿಸುವಲ್ಲಿ, ಅವನು ಬಡಿಸುವಲ್ಲಿ. ಕೆಲಸದವರು ಮನೆಯಲ್ಲೂ ಮೀನು ಮುಟ್ಟಬಾರದೆಂದು ಧಣಿ ಉಪೇಂದ್ರರ ಕಟ್ಟಪ್ಪಣೆ. ಮೆಸ್ಸಿನಲ್ಲಿ ಬೇಡವೆಂದರೆ ಸರಿ. ಮನೆಯ ಬಾಣಲೆಗೂ ಇಣುಕಲು ಇವರ್ಯಾರು? ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕಳೆದ ವರ್ಷ ಒಂದು ಬೆಳಿಗ್ಗೆ ಧಣಿ ಎಲ್ಲರ ಎದುರೇ, "ಒಣಮೀನಿನ ವಾಸನೆ ಬರ್ತಾ ಉಂಟಲ್ಲ, ನಿನ್ನದೇನಾ?" ಎಂದು ಅವಳನ್ನು ಹಿಟ್ಟಿನ ಪಾತ್ರೆಯ ಮುಂದಿನಿಂದ ಎಬ್ಬಿಸಿದರು. ಸಂಜೆ ಮನೆಗೆ ಬಂದವಳೇ ಕಿಟಕಿಗಳನ್ನೆಲ್ಲ ತೆರೆದಳು.

"ಇನ್ ಕದ್ದ್ ತಿಂಬುದಿಲ್ಲ. ಇಡೀ ಕೇರಿಗೆ ಕಾಂಬ ಹಾಂಗೆ ಮಾಡ್ತೆ," ಎಂದಳು.

ಮಗಳು ಪ್ರೇರಣಾ ಫೋನಿನಲ್ಲಿ ಮೀನಿಗೆ ಹೊಗೆ ಕೊಡುವ ಡ್ರಮ್ಮೊಂದನ್ನು ತೋರಿಸಿದಳು. ವಿನೋದಕ್ಕನಿಗೆ ಅಷ್ಟೇ ಸಾಕಾಯಿತು. ಪ್ಯಾರೀಸ್ ಕಾರ್ನರಿನಲ್ಲಿ ಅಡುಗೆ ಎಣ್ಣೆಯ ಹಳೆಯ ಡ್ರಮ್ಮು ಹುಡುಕಿ ತಂದು, ಒಳಗೆ ಬೆಂಕಿ ಹಾಕಿ ಬಣ್ಣ, ಜಿಡ್ಡು ಎಲ್ಲ ಸುಟ್ಟಳು. ವೆಲ್ಡಿಂಗಿನವನ ಹತ್ತಿರ ಕೆಳಗೆ ಕೆಂಡಕ್ಕೊಂದು ಬಾಗಿಲು, ನಡುವೆ ಜಾಲರಿ, ಮುಚ್ಚಳದ ಮೇಲೊಂದು ಕೊಳವೆ ಮಾಡಿಸಿದಳು. ಚಂದು, "ಕೆಲಸ ಹೋದ್ರೆ ಇಬ್ರದ್ದೂ ಹೋತ್ತ್, ಮಾರಾಯ್ತಿ," ಎಂದು ಗೊಣಗುತ್ತಲೇ ಡ್ರಮ್ಮನ್ನು ತಾರಸಿಗೆ ಹೊತ್ತ.

ಮೊದಲ ಭಾನುವಾರ ಬಂಗುಡೆಗಳನ್ನು ಉಪ್ಪುನೀರಿನಲ್ಲಿ ನೆನೆಸಿ, ಒರೆಸಿ, ಜಾಲರಿಯ ಮೇಲೆ ಜೋಡಿಸಿದಳು. ಗೆರಟೆಯ ಕೆಂಡದ ಮೇಲೆ ತೆಂಗಿನ ಸಿಪ್ಪೆ ಹರಡಿದಳು. ಆಮೇಲೆ ಮುಚ್ಚಳದ ಸುತ್ತ ಒದ್ದೆ ಬಟ್ಟೆ ಬಿಗಿದು, ಕೊಳವೆಯ ಬಾಯಿಗೂ ಬಟ್ಟೆ ತುರುಕಿದಳು! ಹಬೆ ಚೂರು ಹೊರಗೆ ಹೋದರೂ ಇಡ್ಲಿ ಕೆಟ್ಟಿತೆಂದು ಕಲಿತ ಕೈ, ಮಾತು ಕೇಳಬೇಕಲ್ಲ. ಕೆಂಡ ಉಸಿರುಗಟ್ಟಿ ಆರಿತು. ಮೀನು ಹೊರಗೆ ಮಸಿ, ಒಳಗೆ ಹಸಿ, ಬಾಯಿಗಿಟ್ಟರೆ ಬೇವಿನಷ್ಟು ಕಹಿ.

"ಅಮ್ಮಾ, ಇದು ಇಡ್ಲಿ ಇಲ್ಲಮ್ಮಾ! ಪೊಗೈ ವೆಳಿಯೆ ಪೋಗಣುಂ," ಎಂದು ಪ್ರೇರಣಾ ತಮಿಳಿನಲ್ಲೇ ನಕ್ಕಳು.

"ಹೊಗೆ ಹೊರಗೆ ಹೋಯ್ಕಾ? ಹೋಗ್ಲಿ. ಮುಚ್ಚಿಟ್ಟ್ ಮುಚ್ಚಿಟ್ಟ್ ನಂಗೂ ಸಾಕಾಯ್ತ್."

ಮುಂದಿನ ಭಾನುವಾರ ಕೊಳವೆ ತೆರೆದೇ ಇತ್ತು. ತೆಳ್ಳಗಿನ ಹೊಗೆ ಬೀದಿಯ ಮೇಲೆಲ್ಲ ಹಾಯ್ದು, ಹೋಗುವವರು ಬರುವವರು ಮೂಗರಳಿಸಿ ಮೇಲೆ ನೋಡಿದರು. ಬಂಗುಡೆ ಬೆಲ್ಲದ ಬಣ್ಣಕ್ಕೆ ತಿರುಗಿತು. ನನಗೂ ಕರೆ ಬಂದಿತ್ತು. ತಟ್ಟೆ ಹಿಡಿದು ತಾರಸಿಯಲ್ಲಿ ನಿಂತಿದ್ದೆ. ಅಷ್ಟರಲ್ಲಿ ಉಪೇಂದ್ರರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಮೆಸ್ಸಿನವರೇ ಯಾರೋ ಚಾಡಿ ಹೇಳಿದ್ದರು.

"ಉಂಡ ಮನೆಯ ಜಂತೆ ಎಣಿಸ್ತೀಯಾ ವಿನೋದ? ಈ ಡ್ರಮ್ಮು ಇವತ್ತೇ ಇಳೀಬೇಕು. ಇಲ್ಲದಿದ್ರೆ ನಾಳೆಯಿಂದ ಬರಬೇಡ."

"ಉಂಡದ್ದಲ್ಲ ಧಣಿ, ದುಡ್ದದ್ದ್. ಡ್ರಮ್ಮು ಇಳೂದಿಲ್ಲ."

ಅವಳಿಗೂ ಹೆದರಿಕೆಯಿತ್ತು, ಯಾಕಿರಬಾರದು? ಮನೆ ಬಾಡಿಗೆ, ಮಗಳ ಕಾಲೇಜು, ಎಲ್ಲವೂ ಆ ಮೆಸ್ಸಿನ ಸಂಬಳದಲ್ಲೇ ನಡೆಯಬೇಕಿತ್ತು. ಆದರೂ ಅವಳು ಡ್ರಮ್ಮಿನ ಮುಂದಿನಿಂದ ಕದಲಲಿಲ್ಲ.

ಉಪೇಂದ್ರರು ಚಂದುವಿನ ಕಡೆ ತಿರುಗಿದರು. "ನೀನಾದ್ರೂ ಸ್ವಲ್ಪ ಬುದ್ಧಿ ಹೇಳು ಮಾರಾಯ. ನಿನ್ನ ಕೆಲಸವೂ ಉಂಟಲ್ಲ."

ಚಂದು ಮುಚ್ಚಳ ಎತ್ತಿ ಒಂದು ಬಂಗುಡೆ ತಟ್ಟೆಗೆ ಹಾಕಿಕೊಂಡ. ಧಣಿಯ ಎದುರು ಒಂದು ದಿನವೂ ಕೂರದ ಮನುಷ್ಯ, ಅವರ ಕಾಲ ಬುಡದಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತು ನಿಧಾನವಾಗಿ ಮುಳ್ಳು ಬಿಡಿಸಿದ. ಒಂದು ತುಂಡು ಬಾಯಿಗಿಟ್ಟು ಅಗಿದು ನುಂಗಿ, ಹೆಂಡತಿಯನ್ನು ಕರೆದ.

"ಉಪ್ಪು ಹದ ಆಯ್ತ್ ಕಾಣ್. ಬಾ, ನೀನೂ ಕೂಕೋ."